ಎಮಿಲ್ ಫಿಶರ್ ಎಂಬ ಇಬ್ಬರು, ಬೊರೊಡಿನ್ ಎಂಬ ಒಬ್ಬರು: ಹೆಸರಿನ ಗೊಂದಲದ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳ ಗಣ್ಯರ ಕಿರುಪರಿಚಯಗಳನ್ನು ಒಂದೆಡೆ ಕೊಡುವ ವ್ಯಕ್ತಿಕೋಶವನ್ನು ಸಿದ್ಧಪಡಿಸುತ್ತಿದ್ದ ಸಂಪಾದಕ ಬಳಗವೊಂದರಲ್ಲಿ ನಡೆದ ಪ್ರಕರಣ ಇದು. ಬಳಗದ ಹೆಸರನ್ನಾಗಲಿ ಅದರಲ್ಲಿ ದುಡಿದವರ ಹೆಸರುಗಳನ್ನಾಗಲಿ ಇಲ್ಲಿ ಕೊಟ್ಟಿಲ್ಲ. ಅವರವರು ನಿರ್ವಹಿಸುತ್ತಿದ್ದ ಕೆಲಸದಿಂದಲೇ ಅವರನ್ನು ಗುರುತಿಸಿದ್ದೇನೆ. ನಮೂದುಗಳಲ್ಲಿ ಬರುವ ಐತಿಹಾಸಿಕ ವ್ಯಕ್ತಿಗಳ ಹೆಸರು, ಊರು, ಇಸವಿಗಳನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ, ಏಕೆಂದರೆ ಈ ಪ್ರಕರಣ ನಿಂತಿರುವುದೇ ಅವುಗಳ ಮೇಲೆ.

ಬಳಗದಲ್ಲಿ ವಿಜ್ಞಾನಕ್ಕೊಬ್ಬರು, ಸಂಗೀತಕ್ಕೊಬ್ಬರು ವಿಭಾಗ ಸಂಪಾದಕರಿದ್ದರು. ಇಬ್ಬರೂ ತಮ್ಮ ಕ್ಷೇತ್ರವನ್ನು ಚೆನ್ನಾಗಿ ಬಲ್ಲವರು. ಅವರು ಬೇರೆಬೇರೆಯಾಗಿ ಸಿದ್ಧಪಡಿಸಿದ ಪಟ್ಟಿಗಳನ್ನು ಅಕಾರಾದಿಯಾಗಿ ಒಂದುಗೂಡಿಸುವ ಹಂತದಲ್ಲಿ, ಎರಡೂ ಪಟ್ಟಿಗಳಲ್ಲಿ ಒಂದೇ ಹೆಸರು ಕಂಡರೆ ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. ಹಾಗೆ ಮೊದಲು ಎದುರಾದ ಹೆಸರು ಅಲೆಕ್ಸಾಂಡರ್ ಬೊರೊಡಿನ್. ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯಕೀಯ ಅಕಾಡೆಮಿಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಆಲ್ಡಿಹೈಡುಗಳೆಂಬ ಸಾವಯವ ಸಂಯುಕ್ತಗಳ ಮೇಲೆ ಮೊದಲ ಸಾಲಿನ ಸಂಶೋಧನೆ ನಡೆಸಿದ ವ್ಯಕ್ತಿಯೂ, ‘ಪ್ರಿನ್ಸ್ ಈಗೊರ್’ ಎಂಬ ಒಪೆರಾವನ್ನು ರಚಿಸುತ್ತಲೇ ತೀರಿಕೊಂಡ ಸಂಗೀತಕಾರರೂ ಒಬ್ಬರೇ ಎಂಬುದು ಇಬ್ಬರು ಸಂಪಾದಕರಿಗೂ ಗೊತ್ತಿತ್ತು. ಲ್ಯುಟೀಷಿಯಂ ಎಂಬ ಮೂಲವಸ್ತುವನ್ನು 1907ರಲ್ಲಿ ಬೇರ್ಪಡಿಸಿದ ಫ್ರಾನ್ಸಿನ ಜಾರ್ಜ್ ಅರ್ಬೇನ್ ಕೂಡ ಸಂಗೀತ ರಚಿಸುತ್ತಿದ್ದವರೇ. ಹೀಗಾಗಿ ಎರಡೂ ಪಟ್ಟಿಗಳಲ್ಲಿರುವ ಹೆಸರನ್ನು ಒಂದೇ ನಮೂದಾಗಿ ಜೋಡಿಸುವುದೆಂಬ ನಿಯಮ ಯಾರ ಆಕ್ಷೇಪವೂ ಇಲ್ಲದೆ ಜಾರಿಗೆ ಬಂತು. ನಿಯಮವನ್ನು ಹುಟ್ಟುಹಾಕಿದ ಉದಾಹರಣೆಗಳು ಎರಡೂ ನಿಜವಾಗಿದ್ದವು. ಅದರಿಂದಲೇ ಅದನ್ನು ಯಾರೂ ಮುಂದೆ ಪರೀಕ್ಷಿಸಲು ಹೋಗಲಿಲ್ಲ.

ಸಮಸ್ಯೆ

ಜೋಡಣೆಯ ನಂತರ ‘ಎಮಿಲ್ ಫಿಶರ್’ ಎಂಬ ತಲೆಬರಹದಡಿ ಮೂಡಿದ್ದ ನಮೂದು ಓದಲು ಬಹಳ ಸೊಗಸಾಗಿತ್ತು. ಜರ್ಮನಿಯ ಒಯ್ಸ್‌ಕಿರ್ಖೆನ್‌ನಲ್ಲಿ 1852ರಲ್ಲಿ ಜನನ. ಸಕ್ಕರೆಗಳ ಅಣುರಚನೆಯನ್ನು ಬಿಡಿಸಿಟ್ಟ ಸಾಧನೆ. 1902ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ. ಜೊತೆಗೆ ಬಾಸ್ ಎಂದು ಕರೆಯುವ ಮಂದ್ರ ಕಂಠದ ಗಾಯಕರಾಗಿ ಜರ್ಮನ್ ಸಂಗೀತಕಾರ ವಾಗ್ನರ್‌ನ ಒಪೆರಾಗಳಲ್ಲಿ ಅಪಾರ ಕೀರ್ತಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಹಾನ್ಸ್ ಸಾಕ್ಸ್ ಪಾತ್ರ. 1919ರಲ್ಲಿ ಬರ್ಲಿನ್‌ನಲ್ಲಿ ನಿಧನ. ಒಪೆರಾ ರಂಗದ ಮೇಲೆ ಹಾಡಿದ ನೊಬೆಲ್ ವಿಜ್ಞಾನಿ ಎಂಬ ಚಿತ್ರ ಎಲ್ಲರಿಗೂ ಹಿಡಿಸಿತು. ಮಾದರಿಯಾಗಿ ಹಂಚುವ ಕೆಲವೇ ನಮೂದುಗಳಲ್ಲಿ ಇದನ್ನೂ ಸೇರಿಸಲು ತೀರ್ಮಾನಿಸಲಾಯಿತು.

ಈ ನಮೂದಿನಲ್ಲಿ ಒಂದು ಇಸವಿ ಮಾತ್ರ ಹೊಂದುತ್ತಿರಲಿಲ್ಲ. ಸಂಗೀತ ಪಟ್ಟಿಯಿಂದ ಬಂದ ಸಾಲೊಂದರಲ್ಲಿ, ಗಾಯಕರಾಗಿ ಅವರು ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ 1857ರಲ್ಲಿ ರಂಗಪ್ರವೇಶ ಮಾಡಿದರೆಂದು ಇತ್ತು. 1852ರಲ್ಲಿ ಹುಟ್ಟಿದ ಮಗು ಐದನೆಯ ವಯಸ್ಸಿನಲ್ಲಿ ಮಂದ್ರ ಕಂಠದಲ್ಲಿ ಹಾಡಿರಲು ಸಾಧ್ಯವಿಲ್ಲವೆಂಬುದು ಕರಡು ತಿದ್ದುತ್ತಿದ್ದವರಿಗೆ ಹೊಳೆಯಿತು. ಆದರೆ ಅವರು ತೆಗೆದುಕೊಂಡ ನಿರ್ಧಾರವೇ ಈ ಪ್ರಕರಣದ ಮೊದಲ ತಿರುವು. ಬೆರಳಚ್ಚಿನಲ್ಲಿ ಅಂಕಿಗಳು ಹಿಂದುಮುಂದಾಗಿರಬೇಕೆಂದು ಭಾವಿಸಿ 1857ನ್ನು 1875 ಎಂದು ತಿದ್ದಿದರು. ಹಾಗೆ ತಿದ್ದಿದ್ದನ್ನು ಎಲ್ಲಿಯೂ ದಾಖಲಿಸಲಿಲ್ಲ.

ದುರದೃಷ್ಟವೆಂದರೆ, 1875 ಎಂಬ ಇಸವಿ ರಸಾಯನವಿಜ್ಞಾನಿ ಫಿಶರ್ ಅವರ ಬದುಕಿನಲ್ಲಿಯೂ ಮಹತ್ವದ್ದೇ ಆಗಿತ್ತು. ಅವರು ಫಿನೈಲ್‌ಹೈಡ್ರಜೀನ್ ಎಂಬ ಸಂಯುಕ್ತವನ್ನು ಕಂಡುಹಿಡಿದ ವರ್ಷ ಅದು. ಮುಂದೆ ಸಕ್ಕರೆಗಳನ್ನು ಒಂದರಿಂದ ಒಂದು ಬಿಡಿಸಿ ಗುರುತಿಸಲು ಅವರ ಕೈಗೆ ಸಿಕ್ಕ ಮುಖ್ಯ ಸಾಧನವೂ ಅದೇ ಸಂಯುಕ್ತ. ಇಪ್ಪತ್ತಮೂರರ ಹರೆಯದಲ್ಲಿ ಪ್ರಯೋಗಶಾಲೆಯಲ್ಲೊಂದು ಗೆಲುವು, ರಂಗದ ಮೇಲೊಂದು ಗೆಲುವು ಎಂಬಂತೆ ತಿದ್ದುಪಡಿಯ ನಂತರ ನಮೂದು ಇನ್ನಷ್ಟು ಸುಸಂಬದ್ಧವಾಗಿ ಕಂಡಿತು. ವಿರೋಧಾಭಾಸವನ್ನು ಪ್ರಶ್ನೆಯಾಗಿ ಉಳಿಸಿಕೊಳ್ಳದೆ ತಪ್ಪಚ್ಚೆಂದು ಸರಿಪಡಿಸಿದ್ದರಿಂದ, ಇಬ್ಬರು ವ್ಯಕ್ತಿಗಳು ಬೆರೆತಿದ್ದಾರೆಂದು ಹೇಳಬಲ್ಲ ಒಂದೇ ಒಂದು ಸುಳಿವು ಕಾಗದದಿಂದ ಅಳಿಸಿಹೋಯಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯಂತ ಗಂಭೀರ ಲೋಪ ಇದು. ಹೆಸರುಗಳನ್ನು ಜೋಡಿಸಿದ್ದು ಅಷ್ಟು ದೊಡ್ಡ ತಪ್ಪಲ್ಲ.

ಮೊದಲ ಪ್ರಯತ್ನಗಳು

ನಮೂದು ಅಂತಿಮ ಪರಿಶೀಲನೆಗೆ ಬಂದಾಗ, ಬಳಗಕ್ಕೆ ಹೊಸದಾಗಿ ಸೇರಿದ್ದ ಪರಿಶೀಲಕಿಯೊಬ್ಬರು ಒಂದು ಸಾಮಾನ್ಯ ಪ್ರಶ್ನೆಯನ್ನು ಕೇಳಿದರು: ಪ್ರಾಧ್ಯಾಪಕರಾಗಿದ್ದವರು ನ್ಯೂಯಾರ್ಕಿನಲ್ಲಿ ಎಷ್ಟು ಕಾಲ ಇದ್ದರು? ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ.

ಮೊದಲು ಪೂರ್ಣ ಹೆಸರನ್ನು ನೋಡಲಾಯಿತು. ರಸಾಯನವಿಜ್ಞಾನಿಯ ಪೂರ್ಣ ಹೆಸರು ಹರ್ಮನ್ ಎಮಿಲ್ ಲೂಯಿ ಫಿಶರ್. ಸಂಗೀತ ಪಟ್ಟಿಯಲ್ಲಿ ಬರಿದೆ ಎಮಿಲ್ ಫಿಶರ್ ಎಂದಷ್ಟೇ ಇತ್ತು. ಮಧ್ಯದ ಹೆಸರುಗಳನ್ನು ಬಿಟ್ಟು ಕರೆಯುವುದು ಜರ್ಮನ್ನರಲ್ಲಿ ಸಹಜವಾದ್ದರಿಂದ ಈ ದಾರಿಯಲ್ಲಿ ಯಾವ ತೀರ್ಮಾನವೂ ಸಿಗಲಿಲ್ಲ. ಫಿಶರ್ ಎಂಬುದು ಜರ್ಮನಿಯಲ್ಲಿ ತೀರ ಸಾಮಾನ್ಯವಾದ ಮನೆತನದ ಹೆಸರು. 1930ರಲ್ಲಿ ಹಾನ್ಸ್ ಫಿಶರ್, 1973ರಲ್ಲಿ ಅರ್ನ್ಸ್ಟ್ ಒಟ್ಟೊ ಫಿಶರ್ ಎಂದು ರಸಾಯನಶಾಸ್ತ್ರದ ನೊಬೆಲ್ ಪಡೆದವರಲ್ಲಿಯೇ ಇನ್ನೂ ಇಬ್ಬರು ಫಿಶರ್‌ಗಳಿದ್ದಾರೆ. ಎಮಿಲ್ ಅವರ ಸೋದರಸಂಬಂಧಿ ಒಟ್ಟೊ ಫಿಶರ್ ಕೂಡ ರಸಾಯನವಿಜ್ಞಾನಿಯೇ, ಎಮಿಲ್ ಅವರಂತೆಯೇ 1852ರಲ್ಲಿ ಹುಟ್ಟಿದವರು. ಇಂಥ ಹೆಸರನ್ನು ಗುರುತಿನ ಆಧಾರವೆಂದು ಒಪ್ಪುವುದೇ ತಪ್ಪು ಎಂದು ವಿಜ್ಞಾನ ಸಂಪಾದಕರು ಈ ಹಂತದಲ್ಲಿ ಸ್ಪಷ್ಟವಾಗಿ ಹೇಳಿದರು. ಅದು ಸರಿಯಾದ ಮಾತು.

ನಂತರ, ವಿಜ್ಞಾನಿ ಫಿಶರ್ ಅವರಿಗೆ ಸಂಗೀತದಲ್ಲಿ ಆಸಕ್ತಿ ಇತ್ತೇ ಎಂದು ಹುಡುಕಲಾಯಿತು. ಇದು ದಾರಿ ತಪ್ಪಿಸುವ ಪ್ರಶ್ನೆ. ಅಂದಿನ ಜರ್ಮನಿಯ ವಿದ್ಯಾವಂತ ಮನೆಗಳಲ್ಲಿ ಸಂಗೀತದ ಒಡನಾಟ ಇಲ್ಲದವರೇ ವಿರಳ. ಆಸಕ್ತಿ ಇತ್ತೆಂದು ಸಿದ್ಧವಾದರೂ ಅದು ವೃತ್ತಿಪರ ಒಪೆರಾ ಗಾಯನಕ್ಕೆ ಸಾಕ್ಷಿಯಾಗಲಾರದು. ಇರಲಿಲ್ಲವೆಂದು ಸಿದ್ಧಪಡಿಸುವುದಂತೂ ಅಸಾಧ್ಯ. ಈ ಹುಡುಕಾಟದಲ್ಲಿ ಸಮಯ ಹೋಯಿತೇ ಹೊರತು ಏನೂ ಕೈಗೆ ಹತ್ತಲಿಲ್ಲ.

ಊರು ಮತ್ತು ಇಸವಿಯ ಪಟ್ಟಿ

ಕೊನೆಗೆ ಪರಿಶೀಲಕಿ ತಾವೇ ಒಂದು ಹಾಳೆಯನ್ನು ತೆಗೆದುಕೊಂಡು ನಡುವೆ ಉದ್ದಕ್ಕೆ ಗೆರೆ ಎಳೆದರು. ಎಡಕ್ಕೆ ವಿಜ್ಞಾನ ಪಟ್ಟಿಯಿಂದ ಬಂದ ಸಂಗತಿಗಳು, ಬಲಕ್ಕೆ ಸಂಗೀತ ಪಟ್ಟಿಯಿಂದ ಬಂದವು. ಪ್ರತಿಯೊಂದಕ್ಕೂ ಇಸವಿ ಮತ್ತು ಊರು. ಜೋಡಿಸಿದ ನಮೂದನ್ನು ಅವರು ಬಳಸಲೇ ಇಲ್ಲ. ಜೋಡಣೆಗೆ ಮೊದಲಿನ ಎರಡು ಮೂಲ ಕರಡುಗಳನ್ನು ಕೇಳಿ ಪಡೆದರು. ಹೀಗೆ ಹಿಂದಕ್ಕೆ ಹೋದದ್ದರಿಂದಲೇ ಅಳಿಸಿಹೋಗಿದ್ದ 1857 ಮತ್ತೆ ಬೆಳಕಿಗೆ ಬಂತು.

ಎಡಗಡೆ ಹೀಗಿತ್ತು. 1871ರಲ್ಲಿ ಬಾನ್‌ನಲ್ಲಿ ವಿದ್ಯಾರ್ಥಿ. 1874ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅಡಾಲ್ಫ್ ಬೇಯರ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್. ಆಮೇಲೆ ಗುರುವಿನೊಂದಿಗೆ ಮ್ಯೂನಿಕ್. 1882ರಿಂದ ಎರ್ಲಾಂಗೆನ್, 1885ರಿಂದ ವುರ್ಟ್ಸ್‌ಬರ್ಗ್, 1892ರಿಂದ ಬರ್ಲಿನ್. ಬಲಗಡೆ: 1857ರಲ್ಲಿ ಗ್ರಾಟ್ಸ್‌ನಲ್ಲಿ ರಂಗಪ್ರವೇಶ, 1880ರಿಂದ ಡ್ರೆಸ್ಡನ್ ಆಸ್ಥಾನ ಒಪೆರಾ, 1885ರಲ್ಲಿ ನ್ಯೂಯಾರ್ಕಿಗೆ ಪ್ರಯಾಣ, 1886ರ ಜನವರಿ 4ರಂದು, ವಾಗ್ನರ್‌ನ ‘ಡೀ ಮೈಸ್ಟರ್‌ಸಿಂಗರ್’ ಒಪೆರಾ ಅಮೆರಿಕದಲ್ಲಿ ಮೊದಲ ಬಾರಿಗೆ ಆಂಟನ್ ಸೈಡ್ಲ್ ಅವರ ನಿರ್ದೇಶನದಲ್ಲಿ ಪ್ರದರ್ಶನಗೊಂಡಾಗ ಹಾನ್ಸ್ ಸಾಕ್ಸ್ ಪಾತ್ರ, ಅದೇ ವರ್ಷದ ಡಿಸೆಂಬರಿನಲ್ಲಿ ‘ಟ್ರಿಸ್ಟಾನ್’ನ ಅಮೆರಿಕದ ಮೊದಲ ಪ್ರದರ್ಶನದಲ್ಲಿ ರಾಜ ಮಾರ್ಕೆ, 1889ರ ಜನವರಿಯಲ್ಲಿ ‘ರೈನ್‌ಗೋಲ್ಡ್’ನಲ್ಲಿ ವೋಟಾನ್.

ಎರಡೂ ಬದಿಗಳನ್ನು ಸಾಲುಸಾಲಾಗಿ ಓದಿದಾಗ 1885ರ ಸಾಲು ಎಲ್ಲರ ಗಮನ ಸೆಳೆಯಿತು. ಆ ವರ್ಷ ಒಬ್ಬ ಫಿಶರ್ ಯೊಹಾನ್ನೆಸ್ ವಿಸ್ಲಿಸೇನುಸ್ ಅವರಿಂದ ತೆರವಾದ ವುರ್ಟ್ಸ್‌ಬರ್ಗಿನ ಪೀಠವನ್ನು ವಹಿಸಿಕೊಳ್ಳುತ್ತಿದ್ದರು. ಇನ್ನೊಬ್ಬ ಫಿಶರ್ ಅಟ್ಲಾಂಟಿಕ್ ದಾಟುತ್ತಿದ್ದರು. ಆದರೂ ಸಂಗೀತ ಸಂಪಾದಕರು ಒಮ್ಮೆಗೇ ಒಪ್ಪಲಿಲ್ಲ. ರಜೆಯಲ್ಲಿ ಹೋಗಿ ಹಾಡಿ ಬಂದಿರಬಹುದಲ್ಲವೇ ಎಂದು ಕೇಳಿದರು. ಈ ಆಕ್ಷೇಪವನ್ನು ತಳ್ಳಿಹಾಕದೆ ಪರೀಕ್ಷೆಗೆ ಒಡ್ಡಿದ್ದು ಒಳ್ಳೆಯದಾಯಿತು. ಜನವರಿ ಎಂಬುದು ಜರ್ಮನ್ ವಿಶ್ವವಿದ್ಯಾಲಯಗಳ ಚಳಿಗಾಲದ ಅವಧಿಯ ನಟ್ಟನಡುವಿನ ತಿಂಗಳು. ಹೊಸದಾಗಿ ಪೀಠಕ್ಕೆ ಬಂದ ಪ್ರಾಧ್ಯಾಪಕ ಆ ಹೊತ್ತಿನಲ್ಲಿ ಹಡಗಿನ ಪ್ರಯಾಣವನ್ನೂ ತಾಲೀಮುಗಳನ್ನೂ ಪೂರೈಸಿ ಹಿಂದಿರುಗುವಷ್ಟು ಕಾಲ ತರಗತಿ ಬಿಟ್ಟಿರಲಾರ. ಅದೂ ಒಂದು ವರ್ಷವಲ್ಲ, ಋತುವಿನ ಮೇಲೆ ಋತು. ಸಕ್ಕರೆಗಳ ಮೇಲಿನ ಫಿಶರ್ ಅವರ ಮಹತ್ಕಾರ್ಯ ನಡೆದದ್ದು ಇದೇ ವುರ್ಟ್ಸ್‌ಬರ್ಗಿನ ವರ್ಷಗಳಲ್ಲಿ; ಗ್ಲೂಕೋಸಿನ ಸಂಶ್ಲೇಷಣೆ ಕೈಗೂಡಿದ್ದು 1890ರಲ್ಲಿ.

ಜನನ, ಮರಣದ ವಿವರಗಳನ್ನು ಈಗ ಬೇರೆಬೇರೆಯಾಗಿ ಹುಡುಕಿದಾಗ ಉಳಿದ ಸಂದೇಹವೂ ತೀರಿತು. ಗಾಯಕ ಎಮಿಲ್ ಫಿಶರ್ ಬ್ರೌನ್‌ಶ್ವೈಗ್‌ನಲ್ಲಿ 1838ರಲ್ಲಿ ಹುಟ್ಟಿ 1914ರಲ್ಲಿ ಹ್ಯಾಂಬರ್ಗಿನಲ್ಲಿ ತೀರಿಕೊಂಡವರು. ಗ್ರಾಟ್ಸ್‌ನಲ್ಲಿ ರಂಗವೇರಿದಾಗ ಅವರು ಹತ್ತೊಂಬತ್ತರ ತರುಣ. ತಿದ್ದಿದ್ದೇ ತಪ್ಪಾಗಿತ್ತು, ಮೂಲದಲ್ಲಿದ್ದ 1857 ಸರಿಯಾಗಿಯೇ ಇತ್ತು.

ಅತಿಯಾದ ಎಚ್ಚರ

ಒಂದು ತಪ್ಪು ಬಯಲಾದ ಮೇಲೆ ಅದರ ವಿರುದ್ಧ ದಿಕ್ಕಿಗೆ ವಾಲುವುದು ಮನುಷ್ಯ ಸ್ವಭಾವ. ಬಳಗವೂ ಹಾಗೆಯೇ ಮಾಡಿತು. ಜನ್ಮದಿನ ಮತ್ತು ಮರಣದಿನ ಎರಡೂ ಕರಾರುವಾಕ್ಕಾಗಿ ಹೊಂದಿದರೆ ಮಾತ್ರ ಒಂದೇ ನಮೂದು, ಇಲ್ಲವಾದರೆ ಎರಡು ನಮೂದು ಎಂಬ ಹೊಸ ನಿಯಮ ಬಂತು. ಕಾಗದದ ಮೇಲೆ ಇದು ನಿಷ್ಪಕ್ಷಪಾತವಾದ ಅಳತೆಗೋಲಾಗಿ ಕಂಡಿತು. ಪಟ್ಟಿಯನ್ನು ಈ ಅಳತೆಗೋಲಿನಲ್ಲಿ ಮತ್ತೊಮ್ಮೆ ಜಾಲಿಸಿದಾಗ, ಮೊದಲ ನಿಯಮಕ್ಕೆ ಕಾರಣರಾಗಿದ್ದ ಬೊರೊಡಿನ್ ಅವರೇ ಇಬ್ಬರಾಗಿ ಒಡೆದುಹೋದರು.

ವಿಜ್ಞಾನ ಪಟ್ಟಿಯ ಬೊರೊಡಿನ್ 1833ರ ನವೆಂಬರ್ 12ರಂದು ಹುಟ್ಟಿ 1887ರ ಫೆಬ್ರವರಿ 27ರಂದು ತೀರಿಕೊಂಡಿದ್ದರು. ಸಂಗೀತ ಪಟ್ಟಿಯವರು 1833ರ ಅಕ್ಟೋಬರ್ 31ರಂದು ಹುಟ್ಟಿ 1887ರ ಫೆಬ್ರವರಿ 15ರಂದು ತೀರಿಕೊಂಡಿದ್ದರು. ಎರಡು ಜನ್ಮದಿನ, ಎರಡು ಮರಣದಿನ. ಈ ಬಾರಿ ನಮೂದನ್ನು ಒಡೆದವರು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಹೆಸರಿನ ಕಾಗುಣಿತ ಕೂಡ ಒಂದರಲ್ಲಿ ‘ಬೊರೊಡಿನ್’, ಇನ್ನೊಂದರಲ್ಲಿ ‘ಬೊರೋದಿನ್’ ಎಂದಿದ್ದುದರಿಂದ ಇಬ್ಬರಿದ್ದರೆಂಬ ನಂಬಿಕೆ ಗಟ್ಟಿಯಾಯಿತು.

ಎರಡೂ ಜೋಡಿ ದಿನಾಂಕಗಳ ಅಂತರ ಒಂದೇ ಎಂಬುದನ್ನು ಗಮನಿಸಿದವರು ವಿಜ್ಞಾನ ಸಂಪಾದಕರು. ಅಕ್ಟೋಬರ್ 31ರಿಂದ ನವೆಂಬರ್ 12ಕ್ಕೆ ಹನ್ನೆರಡು ದಿನ. ಫೆಬ್ರವರಿ 15ರಿಂದ 27ಕ್ಕೂ ಹನ್ನೆರಡೇ ದಿನ. ಹತ್ತೊಂಬತ್ತನೆಯ ಶತಮಾನದ ರಷ್ಯಾದಲ್ಲಿ ಬಳಕೆಯಲ್ಲಿದ್ದ ಜೂಲಿಯನ್ ಪಂಚಾಂಗ, ಯುರೋಪಿನ ಉಳಿದ ಬಹುಭಾಗದಲ್ಲಿದ್ದ ಗ್ರೆಗೋರಿಯನ್ ಪಂಚಾಂಗಕ್ಕಿಂತ ಹನ್ನೆರಡು ದಿನ ಹಿಂದಿತ್ತು. ರಷ್ಯಾ ಹೊಸ ಪಂಚಾಂಗಕ್ಕೆ ಬಂದದ್ದು 1918ರಲ್ಲಿ. ಅಂದರೆ ಎರಡು ಪಟ್ಟಿಗಳಲ್ಲಿದ್ದದ್ದು ಒಂದೇ ಹುಟ್ಟು, ಒಂದೇ ಸಾವು. ಎಣಿಸಿದ ಕ್ರಮ ಮಾತ್ರ ಬೇರೆ.

ಅಂತರ ಹೊಂದಿದ ಮಾತ್ರಕ್ಕೆ ನಿಲ್ಲದೆ, ಫಿಶರ್ ಪ್ರಕರಣದಲ್ಲಿ ಬಳಸಿದ ಎರಡು ಬದಿಯ ಹಾಳೆಯನ್ನು ಇಲ್ಲಿಯೂ ಬಳಸಬೇಕೆಂದು ಪರಿಶೀಲಕಿ ಒತ್ತಾಯಿಸಿದರು. ಅದರ ಫಲ ನಿರೀಕ್ಷೆಗೂ ಮೀರಿದ್ದಾಗಿತ್ತು. ಫಿಶರ್‌ಗಳ ಹಾಳೆಯಲ್ಲಿ ಎಡಬಲಗಳು ದೂರದೂರದ ಊರುಗಳಲ್ಲಿದ್ದರೆ, ಬೊರೊಡಿನ್ ಅವರ ಹಾಳೆಯಲ್ಲಿ ಅವು ಒಂದರೊಳಗೊಂದು ಹೆಣೆದುಕೊಂಡಿದ್ದವು. ಎಡಗಡೆ, 1859ರಿಂದ ಹೈಡೆಲ್‌ಬರ್ಗ್‌ನಲ್ಲಿ ಸಂಶೋಧನೆ. ಬಲಗಡೆ, 1861ರಲ್ಲಿ ಅದೇ ಊರಿನಲ್ಲಿ ಪಿಯಾನೊ ವಾದಕಿ ಎಕತೆರೀನಾ ಪ್ರೊಟೊಪೊಪೊವಾ ಅವರ ಭೇಟಿ. ಆಕೆಯ ಆರೋಗ್ಯಕ್ಕಾಗಿ ಇಬ್ಬರೂ ಇಟಲಿಯ ಪೀಸಾಕ್ಕೆ ಹೋದರು. ಅಲ್ಲಿನ ಪ್ರಯೋಗಶಾಲೆಯಲ್ಲಿ ಬೊರೊಡಿನ್ ಕೆಲಸ ಮುಂದುವರಿಸಿದರು. ಮುಂದೆ ಅವರಿಬ್ಬರೂ ಮದುವೆಯಾದರು. 1862ರಲ್ಲಿ ಪೀಟರ್ಸ್‌ಬರ್ಗಿಗೆ ಮರಳಿದ ವರ್ಷವೇ ತಮ್ಮ ಗುರು ನಿಕೊಲಾಯ್ ಜಿನಿನ್ ಅವರ ಅಕಾಡೆಮಿಯಲ್ಲಿ ಬೋಧನೆ ಆರಂಭ, ಸಂಗೀತಕಾರ ಬಾಲಾಕಿರೆವ್ ಅವರ ಪರಿಚಯ ಎರಡೂ ಆದವು.

ಎಲ್ಲಕ್ಕಿಂತ ನಿರ್ಣಾಯಕವಾದದ್ದು 1877ರ ಬೇಸಿಗೆಯ ಸಾಲು. ಆ ಬೇಸಿಗೆಯಲ್ಲಿ ಪ್ರಾಧ್ಯಾಪಕ ಬೊರೊಡಿನ್ ತಮ್ಮ ಶಿಷ್ಯರನ್ನು ಡಾಕ್ಟರೇಟ್ ಕೆಲಸಕ್ಕಾಗಿ ಜರ್ಮನಿಯ ಯೇನಾ ವಿಶ್ವವಿದ್ಯಾಲಯಕ್ಕೆ ಕರೆದೊಯ್ದಿದ್ದರು. ಯೇನಾದಿಂದ ವೈಮಾರ್ ಸುಮಾರು 20 ಕಿ.ಮೀ. ಅಲ್ಲಿದ್ದ ಹೆಸರಾಂತ ಸಂಗೀತಕಾರ ಫ್ರಾನ್ಸ್ ಲಿಸ್ಟ್ ಅವರನ್ನು ಕಾಣಲು ಸಂಗೀತಕಾರ ಬೊರೊಡಿನ್ ಹೋದರು. ಆ ವೇಳೆಗಾಗಲೇ ಅವರ ಮೊದಲ ಸಿಂಫನಿ 1869ರಲ್ಲಿ ಬಾಲಾಕಿರೆವ್ ಅವರ ನಿರ್ದೇಶನದಲ್ಲಿ ಪ್ರದರ್ಶನಗೊಂಡಿತ್ತು. ರಸಾಯನಶಾಸ್ತ್ರದ ಕೆಲಸಕ್ಕೆ ಹೊರಟ ಪ್ರಯಾಣವೇ ಸಂಗೀತದ ಮಹತ್ವದ ಭೇಟಿಗೂ ದಾರಿಯಾದ ಈ ಒಂದು ಸಾಲು, ದಿನಾಂಕಗಳ ಯಾವ ಹೊಂದಿಕೆಗಿಂತಲೂ ಬಲವಾದ ಸಾಕ್ಷಿಯಾಗಿತ್ತು. ಅವರ ವಸತಿಯೂ ಪ್ರಯೋಗಶಾಲೆಯೂ ಅಕಾಡೆಮಿಯ ಕಟ್ಟಡದಲ್ಲಿಯೇ ಒಂದಕ್ಕೊಂದು ತಗುಲಿಕೊಂಡಿದ್ದವೆಂಬುದನ್ನು ಓದಿದಾಗ, ಈ ಬದುಕನ್ನು ಎರಡಾಗಿ ಸೀಳಲು ಹೊರಟಿದ್ದೇ ವಿಚಿತ್ರವೆನಿಸುತ್ತದೆ.

ಇನ್ನೊಂದು ವಿಷಯವನ್ನೂ ಹೇಳಬೇಕು. ಬೊರೊಡಿನ್ ಎಂಬ ಹೆಸರು ಅವರ ಹೆತ್ತ ತಂದೆಯದಲ್ಲ. ಜಾರ್ಜಿಯಾ ಮೂಲದ ರಾಜಮನೆತನದ ಲುಕಾ ಗೆಡಿಯಾನೊವ್ ಅವರಿಗೆ ವಿವಾಹಬಾಹಿರವಾಗಿ ಹುಟ್ಟಿದ ಆ ಮಗುವನ್ನು, ಮನೆಯ ಜೀತದಾಳು ಪೊರ್ಫಿರಿ ಬೊರೊಡಿನ್ ಅವರ ಮಗನೆಂದು ದಾಖಲಿಸಲಾಗಿತ್ತು. ವಂಶದ ಎಳೆಯನ್ನು ಹಿಡಿದು ಗುರುತು ಪತ್ತೆಮಾಡುವ ಕ್ರಮವೂ ಇಂಥ ಕಡೆ ಕೈಕೊಡುತ್ತದೆ.

ಫ್ರಾನ್ಸ್ ಫಿಶರ್ ಮತ್ತು ಮ್ಯೂನಿಕ್

ಊರು ಮತ್ತು ಇಸವಿಯ ಹಾಳೆ ಬಳಗದ ವಿಶ್ವಾಸ ಗಳಿಸಿದ ನಂತರ, ಅದರ ಮಿತಿಯನ್ನು ತೋರಿಸಿದ ನಮೂದೂ ಒಂದು ಬಂತು. ಫ್ರಾನ್ಸ್ ಫಿಶರ್ ಎಂಬ ವಾದ್ಯವೃಂದ ನಿರ್ದೇಶಕರು 1849ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿ, 1882ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರ್‌ನ ‘ಪಾರ್ಸಿಫಲ್’ ಒಪೆರಾ ಮೊದಲ ಬಾರಿ ರಂಗವೇರಿದ ಋತುವಿನಲ್ಲಿ ಹರ್ಮನ್ ಲೆವಿ ಅವರೊಂದಿಗೆ ಸರದಿಯಲ್ಲಿ ನಿರ್ದೇಶನ ಮಾಡಿದವರು. 1918ರಲ್ಲಿ ಮ್ಯೂನಿಕ್‌ನಲ್ಲಿ ನಿಧನರಾದರು. ಕಲ್ಲಿದ್ದಲಿನಿಂದ ಪಡೆದ ಅನಿಲವನ್ನು ದ್ರವ ಇಂಧನವಾಗಿ ಮಾರ್ಪಡಿಸುವ ಫಿಶರ್–ಟ್ರಾಪ್ಷ್ ವಿಧಾನಕ್ಕೆ ಹೆಸರು ಕೊಟ್ಟ ಫ್ರಾನ್ಸ್ ಫಿಶರ್ 1877ರಲ್ಲಿ ಫ್ರೈಬರ್ಗಿನಲ್ಲಿ ಹುಟ್ಟಿ, 1913ರಿಂದ ಮ್ಯೂಲ್‌ಹೈಮ್‌ನ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯನ್ನು ಮುನ್ನಡೆಸಿ, 1947ರಲ್ಲಿ ಮ್ಯೂನಿಕ್‌ನಲ್ಲಿ ತೀರಿಕೊಂಡವರು. ಊರಷ್ಟನ್ನೇ ನೋಡಿದ್ದರೆ ಇಬ್ಬರೂ ಮ್ಯೂನಿಕ್‌ನಲ್ಲಿ ಕೊನೆಯುಸಿರೆಳೆದ ಫ್ರಾನ್ಸ್ ಫಿಶರ್‌ಗಳೇ. ಇಸವಿಯನ್ನು ಜೊತೆಗಿಟ್ಟು ಓದಿದ್ದರಿಂದ, ಬೈರಾಯ್ಟ್‌ನಲ್ಲಿ ಒಬ್ಬರು ವೃಂದವನ್ನು ನಡೆಸುತ್ತಿದ್ದಾಗ ಇನ್ನೊಬ್ಬರು ಐದು ವರ್ಷದ ಹುಡುಗನಾಗಿದ್ದರೆಂಬುದು ತಡವಿಲ್ಲದೆ ಗೊತ್ತಾಯಿತು. ಇದೇ ಹೊತ್ತಿನಲ್ಲಿ, ಲೇಖಕರೊಬ್ಬರು ಫಿಶರ್–ಟ್ರಾಪ್ಷ್ ವಿಧಾನವನ್ನು ಎಮಿಲ್ ಫಿಶರ್ ಅವರ ಸಾಧನೆಗಳ ಸಾಲಿಗೆ ಸೇರಿಸಿಬಿಟ್ಟಿದ್ದುದನ್ನೂ ಪತ್ತೆಹಚ್ಚಿ ಸರಿಪಡಿಸಲಾಯಿತು.

ಫಲಿತಾಂಶ ಮತ್ತು ಕಲಿತದ್ದು

ಹೆಸರು, ಕಾಗುಣಿತ, ದಿನಾಂಕ, ಊರು ಇವುಗಳಲ್ಲಿ ಯಾವುದೂ ಒಂಟಿಯಾಗಿ ಒಬ್ಬ ವ್ಯಕ್ತಿಯ ಗುರುತನ್ನು ನಿರ್ಧರಿಸಲಾರದೆಂಬುದು ಈ ಪ್ರಕರಣದಿಂದ ಸ್ಪಷ್ಟವಾಯಿತು. ಒಂದೊಂದು ನಮೂದು ಒಂದೊಂದನ್ನು ಸುಳ್ಳಾಗಿಸಿತು. ಯಾವ ವರ್ಷ, ಎಲ್ಲಿ, ಯಾರ ಜೊತೆ, ಯಾವ ಕೆಲಸದಲ್ಲಿ ಎಂಬ ನಾಲ್ಕನ್ನೂ ಒಟ್ಟಿಗೆ ಹಿಡಿದಾಗ ಮಾತ್ರ ತೀರ್ಮಾನ ನಿಂತಿತು. ‘ಯಾರ ಜೊತೆ’ ಎಂಬುದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಗುರುಗಳಾದ ಬೇಯರ್, ಜಿನಿನ್, ನಿರ್ದೇಶಕರಾದ ಸೈಡ್ಲ್, ಬಾಲಾಕಿರೆವ್ ಇವರ ಬದುಕಿನ ದಾಖಲೆಗಳೂ ಸ್ವತಂತ್ರವಾಗಿ ದೊರೆಯುವುದರಿಂದ, ಒಬ್ಬರ ಸಂಗತಿಯನ್ನು ಇನ್ನೊಬ್ಬರ ದಾಖಲೆಯಿಂದ ಒರೆಹಚ್ಚಿ ನೋಡಲು ಸಾಧ್ಯವಾಗುತ್ತದೆ.

ಬಳಗದ ಕೆಲಸದ ಕ್ರಮದಲ್ಲಿ ಆದ ದೊಡ್ಡ ಬದಲಾವಣೆ ಕರಡು ತಿದ್ದುವ ವಿಧಾನದ್ದು. ಹೊಂದದ ಇಸವಿ ಕಂಡರೆ ಅದನ್ನು ಯಾರೂ ಅಲ್ಲಿಯೇ ತಿದ್ದುವಂತಿಲ್ಲ. ಮೂಲದಲ್ಲಿದ್ದದ್ದನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಆಕ್ಷೇಪ ಬರೆದು, ಎರಡೂ ವಿಭಾಗಗಳಿಗೆ ಕಳುಹಿಸಬೇಕು. ಎರಡು ಪಟ್ಟಿಗಳ ಮೂಲ ಕರಡುಗಳನ್ನು ಅಚ್ಚಾಗುವವರೆಗೂ ಜೋಪಾನವಾಗಿ ಇಡಬೇಕು. ರಷ್ಯಾದವರ ದಿನಾಂಕಗಳಲ್ಲಿ ಹಳೆಯ ಪಂಚಾಂಗವೋ ಹೊಸದೋ ಎಂಬುದನ್ನು ನಮೂದಿಸುವುದು ಕಡ್ಡಾಯವಾಯಿತು.

ಎಮಿಲ್ ಫಿಶರ್‌ಗಳಿಗೆ ಈಗ ಎರಡು ನಮೂದುಗಳಿವೆ; ತಲೆಬರಹದಲ್ಲಿಯೇ ಜನನ, ಮರಣದ ಇಸವಿಗಳಿದ್ದು, ಒಂದರ ಕೆಳಗೆ ಇನ್ನೊಂದರತ್ತ ಸೂಚನೆ ಇದೆ. ಬೊರೊಡಿನ್ ಒಂದೇ ನಮೂದಾಗಿ ಮರಳಿದ್ದಾರೆ. ಅದನ್ನು ಯಾವ ವಿಭಾಗದವರು ಬರೆಯಬೇಕೆಂಬ ಚರ್ಚೆ ಸ್ವಲ್ಪ ದೀರ್ಘವಾಗಿಯೇ ನಡೆದು, ಕೊನೆಗೆ ಇಬ್ಬರೂ ಸಂಪಾದಕರು ಕೂಡಿ ಕುಳಿತು, ಸಂಗೀತ ಮತ್ತು ರಸಾಯನ ಎಂದು ಭಾಗ ಮಾಡದೆ, ಇಸವಿಯ ಕ್ರಮದಲ್ಲಿಯೇ ಬರೆದರು. ಸಕ್ಕರೆಗಳ ಮೇಲೆ ಕೆಲಸ ಮಾಡಿದ, ಸಂಗೀತವನ್ನೂ ರಚಿಸಿದ ಚೆಕ್ ರಸಾಯನವಿಜ್ಞಾನಿ ಎಮಿಲ್ ವೊಟೊಚೆಕ್ ಅವರ ಹೆಸರು ಆಮೇಲೆ ಎರಡೂ ಪಟ್ಟಿಗಳಲ್ಲಿ ಕಾಣಿಸಿಕೊಂಡಾಗ, ಜೋಡಿಸುವ ಅಥವಾ ಒಡೆಯುವ ಮಾತನ್ನು ಯಾರೂ ಎತ್ತಲಿಲ್ಲ. ಪರಿಶೀಲಕಿ ಎರಡು ಬದಿಯ ಹಾಳೆಯನ್ನು ತುಂಬಿ ಕೊಟ್ಟ ನಂತರವೇ ಅದನ್ನು ಒಂದು ನಮೂದೆಂದು ಅಂಗೀಕರಿಸಲಾಯಿತು.